ಮುಟ್ಟಿ ಬಂದೆ

ಕೋಳಿಗೂಡಿನ ಅಗುಳಿ ಸರಿಸಿ ಬಾಗಿಲನ್ನು ಇನ್ನೂ ಅರ್ಧ ಎಳೆದಿರಲಿಲ್ಲ, ಅದು ಅವನ ಮೊಣಕಾಲಿಗೆ ಮೈ ಉಜ್ಜಿಕೊಂಡೇ ಹೊರಗೆ ನುಗ್ಗಿತು. ಕಾಡುಬೆಕ್ಕು. ನುಗ್ಗಿದ್ದಷ್ಟೇ, ಆಮೇಲೆ ಅವಸರವನ್ನೇನೂ ತೋರಿಸಲಿಲ್ಲ. ಹಿತ್ತಲಿನ ನಡುವೆ ನಿಂತು ಒಮ್ಮೆ ತಿರುಗಿ ನೋಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಗೋಡೆ ಹತ್ತಿ ಆಚೆಗೆ ಧುಮುಕಿತು. ಅದರ ಮೈಯ ಬಿಸಿ ಪೈಜಾಮದ ಬಟ್ಟೆ ದಾಟಿ ಅವನ ಚರ್ಮಕ್ಕೆ ತಾಗಿತ್ತು. ಬಾಗಿಲು ಹಿಡಿದುಕೊಂಡೇ ನಿಂತ. ಒಳಗೆ ಬಗ್ಗಿ ನೋಡುವ ಅಗತ್ಯವಿರಲಿಲ್ಲ, ಆದರೂ ಬಗ್ಗಿದ. ಕೋಳಿಗಳು ಹುಲ್ಲಿನ ಮೇಲೆ, ಮೊಟ್ಟೆಯಿಡುವ ಬುಟ್ಟಿಯಲ್ಲಿ, ಜಾಲರಿಯ ಮೂಲೆಗೆ ಒತ್ತಿಕೊಂಡು ಬಿದ್ದಿದ್ದವು. ಒಂದನ್ನೂ ಸರಿಯಾಗಿ ತಿಂದಿರಲಿಲ್ಲ. ಹಸಿವಿಗೆ ಕೊಂದದ್ದಲ್ಲ ಅದು. ಹೊರಗೆ ಹೋಗಲು ದಾರಿ ಕಾಣದೆ, ಮೈಮೇಲೆ ಬಿದ್ದು ಬಡಿದಾಡುವ ರೆಕ್ಕೆಗಳಿಗೆ ತಾನೂ ಹೆದರಿ, ಒಂದೊಂದನ್ನೇ ಸುಮ್ಮನಾಗಿಸಿದ್ದು. ಬಾಗಿಲು ಹಾಕಿದವನು ಅವನೇ. ನಿನ್ನೆ ಸಂಜೆ, ತನ್ನ ಕೈಯಾರೆ, ಕೋಳಿಗಳ ಜೊತೆಗೆ ಬೆಕ್ಕನ್ನೂ ಕೂಡಿಹಾಕಿ ಅಗುಳಿ ಜಡಿದು ಹೋಗಿದ್ದ.

"ಏನ್ರೀ, ಇನ್ನೂ ಬಿಟ್ಟಿಲ್ವಾ ಅವನ್ನ?"

ಕಿಟಕಿಯಿಂದ ಹೆಂಡತಿಯ ದನಿ. ಬೆನ್ನಿನ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಂದ ದಿನವೇ ಅವಳು ಹಟ ಹಿಡಿದು ತನ್ನ ಮಂಚವನ್ನು ಆ ಕಿಟಕಿಯ ಬುಡಕ್ಕೆ ಎಳೆಸಿಕೊಂಡಿದ್ದಳು. ಸೊಂಟದಿಂದ ಕೆಳಗೆ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಿಟಕಿ ಎತ್ತರದಲ್ಲಿದ್ದದ್ದರಿಂದ ಮಲಗಿದಲ್ಲಿಗೆ ಆಕಾಶದ ಒಂದು ತುಂಡು ಬಿಟ್ಟರೆ ಹಿತ್ತಲು ಕಾಣುತ್ತಲೂ ಇರಲಿಲ್ಲ. ಕೇಳಿಸುತ್ತಿತ್ತು, ಅಷ್ಟೇ. ಆದರೆ ಆ ಕೇಳಿಸುವಷ್ಟರಲ್ಲೇ ಅವಳು, ಕೋಳಿಗಳಿಗೆ ತಾನಿಟ್ಟ ಹೆಸರು ಹಿಡಿದು ಹೇಳುತ್ತಾ, ಇಡೀ ಹಿತ್ತಲನ್ನು ಸಂಭಾಳಿಸುತ್ತಿದ್ದಳು. ಬಾಯಿಬಡುಕಿ ಮೊಟ್ಟೆ ಇಟ್ಟಳು, ಕುಂಟಿಯನ್ನು ಯಾರೋ ಕುಕ್ಕುತ್ತಿದ್ದಾರೆ, ಬೂದಿ ಎಲ್ಲೋ ಗೋಡೆ ಪಕ್ಕ ಕೆದರುತ್ತಿದ್ದಾಳೆ, ಹೋಗಿ ಓಡಿಸಿ ಬನ್ನಿ, ಅಲ್ಲಿ ಸೊಪ್ಪು ಹಾಕಿದೀನಿ. ಸೊಪ್ಪು ಹಾಕಿದ್ದು ಯಾವ ಕಾಲದಲ್ಲೋ, ಅದು ಒಣಗಿ ಹೋಗಿ ಎಷ್ಟೋ ದಿನವಾಗಿತ್ತು. ಅವನು ಅದನ್ನು ಹೇಳಿರಲಿಲ್ಲ. ಓಡಿಸಿದೆ ಎನ್ನುತ್ತಿದ್ದ.

"ಮಂಜು ಜಾಸ್ತಿ ಇದೆ ಕಣೇ, ಸ್ವಲ್ಪ ಬಿಸಿಲು ಏರಲಿ" ಎಂದ. ಹೇಳಿದ ಮೇಲೆ ನೆನಪಾಯಿತು, ಆಕಾಶ ಅವಳಿಗೆ ಕಾಣುತ್ತದೆ. ತಲೆಯೆತ್ತಿ ನೋಡಿದ. ಒಗೆದು ಹರವಿದಂಥ ಶುಭ್ರ ಆಕಾಶ.

ಗೋಣಿಚೀಲ ತಂದ. ಕೋಳಿಗಳನ್ನು ಕಾಲು ಹಿಡಿದು ಎತ್ತಿ ಎತ್ತಿ ಹಾಕುವಾಗ ಅವನ ಕಣ್ಣು ಬೇಡವೆಂದರೂ ಜಾಲರಿಯ ಹೊಲಿಗೆಯ ಮೇಲೆಯೇ ಹೋಗುತ್ತಿತ್ತು. ಊರಿನ ದೊಡ್ಡ ಬೀದಿಯ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಅವನು. ಸಾಹುಕಾರನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಮಾಸ್ಟರ್. ಹಿಂದಿನ ಗೂಡಿನ ಹಲಗೆ ಸಂದಿಯಿಂದ ಒಂದು ಕೋಳಿಯನ್ನು ಏನೋ ಎಳೆದುಕೊಂಡು ಹೋದಾಗ ಹೆಂಡತಿ ಅನ್ನ ಬಿಟ್ಟು ಕೂತಳೆಂದು ಇದನ್ನು ಕಟ್ಟಿದ್ದ. ಬೆರಳು ತೂರದ ಕಣ್ಣಿನ ಜಾಲರಿ ತಂದು, ಅಳತೆ ಹಿಡಿದು, ಕೋಟು ಹೊಲಿಯುವಾಗ ಬಿಡುವ ಹಾಗೆ ಅಂಚಿಗೆ ಹೆಚ್ಚುವರಿ ಬಿಟ್ಟು ಕತ್ತರಿಸಿ, ಒಂದರ ಮೇಲೊಂದು ಅಂಚು ಕೂರಿಸಿ, ತಂತಿಯಲ್ಲಿ ಒತ್ತೊತ್ತಾಗಿ ಹೊಲಿದಿದ್ದ. ಬುಡದಲ್ಲಿ ಜಾಲರಿಯನ್ನು ಹೊರಕ್ಕೆ ಮಡಚಿ ಮಣ್ಣಿನೊಳಗೆ ಹೂತಿದ್ದ, ಪ್ಯಾಂಟಿನ ಕಾಲಂಚು ಮಡಚಿದಂತೆ. ಏನೇ ಬಂದು ಕೆರೆದರೂ ಉಗುರು ಸವೆಯಬೇಕೇ ಹೊರತು ಒಳಗೆ ಬರುವ ಹಾಗಿಲ್ಲ. ಮುಗಿದ ದಿನ ಹೆಂಡತಿ, ಆಗಿನ್ನೂ ನಡೆಯುತ್ತಿದ್ದವಳು, ಸುತ್ತು ಹಾಕಿ ನೋಡಿ, "ಜೇಬೊಂದು ಇಟ್ಟಿದ್ರೆ ಕೋಳಿಗಳು ಹಾಕ್ಕೊಂಡೇ ಓಡಾಡ್ತಿದ್ವು" ಎಂದು ನಕ್ಕಿದ್ದಳು. ಈಗ ಒಳಗಡೆ ಬಾಗಿಲ ಬಳಿಯ ಹೊಲಿಗೆಯಲ್ಲಿ ಬೆಕ್ಕಿನ ಕೂದಲು ಸಿಕ್ಕಿಕೊಂಡಿತ್ತು. ತಂತಿ ಬಗ್ಗಿತ್ತು, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಎಷ್ಟು ಹೊತ್ತು ಕಿತ್ತಿತೋ ಪಾಪ. ಪಾಪ ಎಂದುಕೊಂಡದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ತೊಂದರೆಯೆಲ್ಲ ಬಾಗಿಲಿನದು. ಕೋಳಿಗಳು ಹಗಲೆಲ್ಲ ಹಿತ್ತಲಲ್ಲಿ ಮೇಯುವಾಗ ಗೂಡಿನ ಬಾಗಿಲು ತೆರೆದೇ ಇರಬೇಕು, ಮೊಟ್ಟೆಯಿಡಲು ಒಳಗೆ ಹೋಗಿ ಬರುತ್ತವೆ. ಹೊತ್ತು ಮುಳುಗುವಾಗ ತಾವಾಗಿ ಒಳಗೆ ಸೇರುತ್ತವೆ. ಆಗ ಬಾಗಿಲು ಹಾಕುವ ಮುಂಚೆ ಹೆಂಡತಿ ಮೊಣಕೈವರೆಗೆ ಕೈಯನ್ನು ಆ ಕತ್ತಲೊಳಗೆ ತೂರಿಸಿ ಪ್ರತಿಯೊಂದರ ಬೆನ್ನನ್ನೂ ಮುಟ್ಟುತ್ತಿದ್ದಳು. ಎಣಿಸುವುದಲ್ಲ. ಎಣಿಸಬಾರದು, ಲೆಕ್ಕ ತಪ್ಪಿದರೆ ಸರಿಹೊಂದಿಸಿಕೊಂಡು ಬಿಡ್ತೀವಿ, ಮುಟ್ಟಿದರೆ ಕೈಗೆ ಗೊತ್ತಾಗುತ್ತೆ ಎನ್ನುತ್ತಿದ್ದಳು. ಬೆನ್ನು ಮುಟ್ಟಿಸಿಕೊಂಡ ಕೋಳಿ ಗಂಟಲಲ್ಲೇ ಒಂದು ಸದ್ದು ಮಾಡುತ್ತದೆ. ಎಲ್ಲವೂ ಆ ಸದ್ದು ಮಾಡಿದ ಮೇಲೆ ಬುಟ್ಟಿಯಲ್ಲಿ, ಹುಲ್ಲಲ್ಲಿ ಕೈಯಾಡಿಸಿ, ಬೇರೇನೂ ಇಲ್ಲವೆಂದು ನೋಡಿ ಅಗುಳಿ. ಅವಳು ಮಲಗಿದ ಮೇಲೆ ಈ ಕೆಲಸ ಅವನಿಗೆ ಬಂತು. ಮೊದಲ ಸಂಜೆ ಕೈ ಹಾಕಿದ. ಕತ್ತಲಲ್ಲಿ ಬೆಚ್ಚನೆಯದೊಂದು ಬೆರಳಿಗೆ ತಗುಲಿ, ಪುಕ್ಕದ ಕೆಳಗೆ ಅದರ ಎದೆ ಪಟಪಟ ಹೊಡೆದುಕೊಳ್ಳುವುದು ತಿಳಿದು, ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ದಿನವಿಡೀ ಜನರ ಮೈ ಅಳೆಯುವವನು. ಆದರೆ ಅಲ್ಲಿ ನಡುವೆ ಟೇಪು ಇರುತ್ತದೆ. ಅಂದು ಕಿಟಕಿಯಿಂದ "ಮುಟ್ಟಿದ್ರಾ?" ಎಂದು ಕೇಳಿದಾಗ "ಮುಟ್ಟಿ ಬಂದೆ" ಎಂದಿದ್ದ. ಆ ಒಂದು ಕೋಳಿಯ ಮಟ್ಟಿಗೆ ನಿಜವೂ ಆಗಿತ್ತು. ಮಾರನೆಯ ದಿನ ಅಷ್ಟು ನಿಜವೂ ಇರಲಿಲ್ಲ, ಮಾತು ಮಾತ್ರ ಇತ್ತು. ಆಮೇಲೆ ಅದೇ ರೂಢಿಯಾಯಿತು: ಅಗುಳಿ ಹಾಕುವುದು, ಮುಟ್ಟಿ ಬಂದೆ ಎನ್ನುವುದು, ಅವಳು "ಸರಿ" ಎಂದು ಉಸಿರು ಬಿಡುವುದು. ಆ ಉಸಿರಿನ ಸದ್ದು ಕೇಳಲು ಎಷ್ಟು ಹಿತವಾಗಿರುತ್ತಿತ್ತೆಂದರೆ, ತಾನೇನೋ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವನು ನಂಬಿಬಿಟ್ಟಿದ್ದ.

ರಾತ್ರಿ ಅವಳು ಎಬ್ಬಿಸಿದ್ದಳು ಕೂಡ. ಕೋಳಿ ಒಂಥರಾ ಕೂಗ್ತಿವೆ, ಹೋಗಿ ನೋಡಿ ಎಂದಿದ್ದಳು. ಹೊರಗೆ ಏನೋ ಓಡಾಡ್ತಿರಬೇಕು, ಎಲ್ಲವನ್ನೂ ಮುಟ್ಟಿ ಬಂದಿದೀನಿ, ಮಲಗು ಎಂದು ಮಗ್ಗುಲಾಗಿದ್ದ. ಅವಳು ಸರಿ ಎಂದು ಸುಮ್ಮನಾಗಿದ್ದಳು.

ಗೋಡೆಯ ಪಕ್ಕ, ಸೊಪ್ಪು ಒಣಗಿದ ಜಾಗದಲ್ಲಿ ಗುಂಡಿ ತೋಡಿದ. ಗುದ್ದಲಿಯ ಸದ್ದಿಗೆ ಅವಳು "ಏನು ಅಗೀತಿದೀರಿ?" ಎಂದು ಕೇಳಿದಳು. ಜಾಲರಿ ಬುಡಕ್ಕೆ ಮಣ್ಣು ಹಾಕ್ತಿದೀನಿ, ಭದ್ರವಾಗಿರಲಿ ಅಂತ, ಎಂದ. ನಾಲಿಗೆ ಎಷ್ಟು ಸಲೀಸಾಗಿ ಹೊರಳುತ್ತದೆ ಎಂದು ಅವನಿಗೇ ಆಶ್ಚರ್ಯ. ಕೋಳಿಗಳು ಸತ್ತದ್ದು ಅವನ ಎದೆಯನ್ನು ಹಿಂಡುತ್ತಿತ್ತು, ನಿಜ. ಆದರೆ ಅವನನ್ನು ಹೆದರಿಸಿದ್ದು ಬೇರೆ. ಮುಟ್ಟಿ ಬಂದೆ ಎಂಬುದು ಸುಳ್ಳು ಎಂದು ಗೊತ್ತಾದರೆ ಅವಳು ಅಲ್ಲಿಗೆ ನಿಲ್ಲುವವಳಲ್ಲ. ಆಸ್ಪತ್ರೆಯ ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಕೈ ತೊಳೆಯುತ್ತ, ಇವನ ಮುಖ ನೋಡದೆ ಡಾಕ್ಟರು ಹೇಳಿದ್ದರು: "ನರ ಸತ್ತಿದೆ. ಕಾಲು ಬರೋದಿಲ್ಲ. ಕೀಲು ಸೆಟೆದುಕೊಳ್ಳಬಾರದು ಅಂತ ದಿನಾ ಎತ್ತಿ ಇಳಿಸಿ, ಅಷ್ಟೇ." ವಾರ್ಡಿಗೆ ಬಂದಾಗ ಅವಳು ಕತ್ತು ಮಾತ್ರ ತಿರುಗಿಸಿ ಅವನನ್ನೇ ನೋಡುತ್ತಿದ್ದಳು. "ಬರುತ್ತಂತೆ ಕಣೇ. ದಿನಾ ಎತ್ತಿ ಇಳಿಸ್ಬೇಕಂತೆ" ಎಂದಿದ್ದ. ಬರೋದಿಲ್ಲ, ಬರುತ್ತೆ, ಅಷ್ಟರದೇ ವ್ಯತ್ಯಾಸ. ಆ ಮಾತಿನ ಮೇಲೆ ಅವಳು ಬದುಕುತ್ತಿದ್ದಳು. ಈ ಮನೆಯಲ್ಲಿ ಅವಳು ನಿಂತಿರುವ ನೆಲವೆಂದರೆ ಅವನ ನಾಲಿಗೆ ಒಂದೇ. ಅದು ಒಂದು ಕಡೆ ಕುಸಿದರೆ ಪೂರ್ತಿ ಕುಸಿಯುತ್ತದೆ.

ಕೈ ತೊಳೆದು ಒಳಗೆ ಬಂದು ಎಂದಿನಂತೆ ಅವಳ ಕಾಲಿನ ಬಳಿ ಕೂತ. "ನೀನು ಮನಸ್ಸಿನಲ್ಲಿ ಎತ್ತು, ನಾನು ಕೈಯಲ್ಲಿ ಎತ್ತುತ್ತೀನಿ." ಇದು ಅವನದೇ ಕಲ್ಪನೆ, ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಅವಳು ಮಂಚದ ಪಟ್ಟಿ ಹಿಡಿದು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಇಡೀ ಮೈಯನ್ನು ಆ ಕಾಲಿಗೆ ಸುರಿಯುವವಳಂತೆ ಬಿಗಿಹಿಡಿಯುತ್ತಿದ್ದಳು. ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಕಾಲು ಅವನ ಕೈಯಲ್ಲಿ ಅಂಗಡಿಯ ಬಟ್ಟೆಯ ಥಾನಿನ ಹಾಗೆ ಭಾರವಾಗಿ ಮೇಲೇಳುತ್ತಿತ್ತು. ಇವತ್ತೂ ಹಾಗೇ ಆಯಿತು. ಮುಗಿದ ಮೇಲೆ ಅವಳು ಏದುಸಿರು ಬಿಡುತ್ತಾ ಅವನ ಉಗುರಿನ ಸಂದಿಯ ಮಣ್ಣನ್ನು ನೋಡಿದಳು, ಮುಖವನ್ನು ನೋಡಿದಳು. "ಬಾಯಿಬಡುಕಿ ಇಷ್ಟು ಹೊತ್ತಿಗೆ ಊರು ಎಬ್ಬಿಸ್ತಿದ್ಲು" ಎಂದಳು. ಪಕ್ಕದ ಮನೆಯಾಕೆ ಹಗಲಿನಲ್ಲಿ ಜೊತೆಗೆ ಕೂರಲು ಬರುವ ಹೊತ್ತಾಗಿತ್ತು. ಅವನು ಅಂಗಿ ಹಾಕಿಕೊಂಡು ಹೊರಟ.

ಅಂಗಡಿಯಲ್ಲಿ ಕನ್ನಡಿಯ ಮುಂದೆ ಒಬ್ಬ ಗಿರಾಕಿ ಕೈ ಚಾಚಿ ನಿಂತಿದ್ದ, ಮಗಳ ಮದುವೆಗೆ ಕೋಟು ಹೊಲಿಸಲು ಬಂದವನು. ಎದೆಗೆ ಟೇಪು ಸುತ್ತಿ ಹಿಂದಿನಿಂದ ಎಳೆದುಕೊಂಡಾಗ ಟೇಪಿನ ಕೆಳಗೆ ಆ ಮನುಷ್ಯನ ಎದೆ ಬಡಿಯುವುದು ಮಾಸ್ಟರ್‌ಗೆ ತಿಳಿಯಿತು. ಇಷ್ಟು ವರ್ಷದಲ್ಲಿ ತಿಳಿದಿರಲಿಲ್ಲವೇ, ತಿಳಿಯದಂತೆ ಇದ್ದನೇ? ಅಳತೆ ಕೂಗಲು ಮರೆತು ಟೇಪು ಹಿಡಿದುಕೊಂಡೇ ನಿಂತ. "ಮಾಸ್ಟರ್, ಅಪ್ಪಿಕೊಂಡೇ ಇರ್ತೀರೋ, ಬಿಡ್ತೀರೋ?" ಎಂದು ಗಿರಾಕಿ ಕನ್ನಡಿಯೊಳಗಿಂದ ನಕ್ಕ. ಹೊಲಿಗೆ ಯಂತ್ರಗಳ ಮೇಲೆ ಬಗ್ಗಿದ್ದವರೆಲ್ಲ ನಕ್ಕರು. ಗಲ್ಲಾದ ಮೇಲಿದ್ದ ಸಾಹುಕಾರ ನಗಲಿಲ್ಲ; ಎದ್ದು ಬಂದು ಮಾಸ್ಟರ್‌ನ ತೋಳಿನಿಂದ ಎರಡು ಬೆರಳಲ್ಲಿ ಏನನ್ನೋ ಎತ್ತಿ ಕಸದ ಬುಟ್ಟಿಗೆ ಹಾಕಿ, "ನೋಡಿಕೊಂಡು ಬರಬಾರದಾ?" ಎಂದಷ್ಟೇ ಅಂದ. ಬೂದು ಬಣ್ಣದ ಪುಕ್ಕ. ಮಾಸ್ಟರ್ ಕಿವಿಯವರೆಗೆ ಕೆಂಪಾದ. ಆಮೇಲೆ ಮೇಜಿನ ಮೇಲೆ ಬಟ್ಟೆ ಹರವಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಿಡಿದರೆ ಕತ್ತರಿ ಮುಂದೆ ಹೋಗಲೊಲ್ಲದು. ಕೋಟಿನ ಬಟ್ಟೆ, ಒಮ್ಮೆ ಕತ್ತರಿಸಿದರೆ ಮುಗಿಯಿತು. ಹೇಳಿಬಿಡಲೇ? ಕಾಡುಬೆಕ್ಕು ಬಾಗಿಲು ಮುರೀತು ಅಂತ ಹೇಳಿದರೆ? ಬಾಗಿಲು ಮುರಿಯುವ ಸದ್ದು ಅವಳಿಗೆ ಕೇಳಿಸಿರಬೇಕಿತ್ತಲ್ಲ. ಜಾಲರಿ ಹರೀತು ಅಂದರೆ? ಅವಳು ನಗುತ್ತಾಳೆ, ನಿಮ್ಮ ಹೊಲಿಗೆ ಹರಿಯುತ್ತಾ ಎಂದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನು ಬುತ್ತಿ ಬಿಚ್ಚದೆ ಎದ್ದ.

ಕೋಳಿ ವ್ಯಾಪಾರಿಯ ಪಂಜರಗಳ ಮುಂದೆ ನಿಂತಾಗ ತಾನು ಮಾಡಲು ಹೊರಟಿರುವುದು ಏನೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದು ಹುಚ್ಚುತನವೆಂದೂ ಗೊತ್ತಿತ್ತು. ಬಣ್ಣ ಯಾವುದಾದರೂ ಆಗಬಹುದು, ಅವಳು ನೋಡುವುದಿಲ್ಲ.

"ಇವುಗಳ ದನಿ ಸ್ವಲ್ಪ ಕೇಳ್ಬೇಕಿತ್ತು" ಎಂದ.

ವ್ಯಾಪಾರಿ ಕೈಯಲ್ಲಿದ್ದ ಚಾಕು ಕೆಳಗಿಟ್ಟ. "ಏನು ಕೇಳ್ಬೇಕು?"

"ದನಿ. ಒಂದು ಜೋರಾಗಿ ಕೂಗೋದು ಬೇಕು, ದಪ್ಪ ದನಿ. ಇನ್ನೊಂದು ಕೊರಕೊರ ಅನ್ನೋದು."

"ತಿನ್ನೋಕೋ, ಹಾಡಿಸೋಕೋ ಮಾಸ್ಟರ್?" ವ್ಯಾಪಾರಿ ಪಕ್ಕದ ಅಂಗಡಿಯವನನ್ನು ಕೂಗಿ ಕರೆದ. ಇನ್ನೂ ಒಂದಿಬ್ಬರು ನಿಂತರು. ಒಬ್ಬ ಪಂಜರವನ್ನು ಬಡಿದ, ಕೋಳಿಗಳು ಒಂದರ ಮೇಲೊಂದು ಬಿದ್ದು ಅರಚಿದವು. ವ್ಯಾಪಾರಿ ಒಂದನ್ನು ರೆಕ್ಕೆ ಹಿಡಿದು ಎಳೆದು ಮಾಸ್ಟರ್‌ನ ಕಿವಿಯ ಹತ್ತಿರ ಹಿಡಿದು, "ಇದು ನೋಡಿ, ಸಾಕಾ, ಇನ್ನೂ ಏರಿಸಬೇಕಾ?" ಎಂದ. ಕೋಳಿಯ ಕಣ್ಣು ಅವನ ಕಣ್ಣಿನ ಪಕ್ಕದಲ್ಲೇ ಇತ್ತು. ಅವನು ನಗುವವರ ಜೊತೆ ತಾನೂ ನಕ್ಕ, ಬೇರೆ ದಾರಿಯಿರಲಿಲ್ಲ. ಯಾವುದು ಯಾರ ದನಿ ಎಂದು ನಿಜಕ್ಕೂ ಅವನಿಗೆ ತಿಳಿದಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ಇಷ್ಟು ದಿನ ಅವಳು ಹೇಳುತ್ತಿದ್ದುದನ್ನು ಕೇಳಿ ಹೂಂ ಎಂದಿದ್ದ, ಅಷ್ಟೇ, ಕೋಳಿಗಳನ್ನು ಕೇಳಿರಲಿಲ್ಲ. ಸಿಕ್ಕವನ್ನು ಬುಟ್ಟಿಗೆ ತುಂಬಿಸಿಕೊಂಡು, ಮೇಲೆ ಬಟ್ಟೆ ಕಟ್ಟಿಸಿಕೊಂಡು, ಸಂಜೆವರೆಗೂ ಅಂಗಡಿಯ ಹಿಂದಿನ ಮೆಟ್ಟಿಲ ಕೆಳಗೆ ಇಟ್ಟ. ಸಾಹುಕಾರ ನೋಡಿದರೂ ನೋಡದವನಂತೆ ಹೋದ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಬುಟ್ಟಿಯನ್ನು ಗೋಡೆಯ ಮರೆಗೆ ಇಟ್ಟು ಬಾಗಿಲಿಗೆ ಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಚಪ್ಪಲಿ ಮೆಟ್ಟುತ್ತಿದ್ದಳು. ದನಿ ತಗ್ಗಿಸಿ, "ಇಡೀ ದಿನ ಕೋಳಿ ಸದ್ದೇ ಇಲ್ಲ ಕಣಣ್ಣಾ. ನಾನು ಹೋಗಿ ನೋಡಿ ಬರ್ಲಾ ಅಂತ ಎಷ್ಟು ಸಲ ಅಂದೆ. ಬೇಡ, ಅವರು ಬಂದು ಹೇಳ್ಲಿ ಅಂದ್ರು. ಊಟ ಮಾಡ್ಲಿಲ್ಲ" ಎಂದು ಹೇಳಿ ಹೋದಳು. ಅವನು ಒಳಗೆ ಹೋಗಲಿಲ್ಲ. ಹಾಗೇ ಬಳಸಿಕೊಂಡು ಹಿತ್ತಲಿಗೆ ಹೋಗಿ ಬುಟ್ಟಿಯ ಬಟ್ಟೆ ಬಿಚ್ಚಿದ. ಇನ್ನೂ ಸಮಯವಿದೆ, ಸ್ವಲ್ಪ ಕೂಗಾಡಲಿ, ಆಮೇಲೆ ಗೂಡು ಸೇರಲಿ, ಬಾಗಿಲು ಹಾಕಿ ಒಳಗೆ ಹೋದರಾಯಿತು ಎಂದುಕೊಂಡ.

ಕೋಳಿಗಳು ಹೊರಬಂದವು, ಆದರೆ ಒಂದೂ ಬಾಯಿ ಬಿಡಲಿಲ್ಲ. ಗುರುತಿಲ್ಲದ ಜಾಗದಲ್ಲಿ ಮೈ ಕುಗ್ಗಿಸಿಕೊಂಡು ಒಗೆಯುವ ಕಲ್ಲಿನ ಬುಡದಲ್ಲಿ ಒತ್ತಾಗಿ ನಿಂತವು. ಬೆಳಕು ಕಡಿಮೆಯಾಯಿತು. ಗೂಡಿನ ಕಡೆ ಒಂದೂ ತಿರುಗಲಿಲ್ಲ. ಅವು ಯಾಕೆ ತಿರುಗುತ್ತವೆ? ಅದು ಅವುಗಳ ಮನೆಯೆಂದು ಅವುಗಳಿಗೆ ಯಾರು ಹೇಳಿದ್ದಾರೆ? ಅವನು ಚಪ್ಪಾಳೆ ತಟ್ಟಿ ಅಟ್ಟಿದ, ದಿಕ್ಕಾಪಾಲಾದವು. ಒಂದು ಗೋಡೆ ಹತ್ತಲು ಹಾರಿ ಬಿತ್ತು. ಇನ್ನು ಹಿಡಿಯದೆ ವಿಧಿಯಿರಲಿಲ್ಲ. ಮೊಣಕಾಲೂರಿ, ಕಲ್ಲಿನ ಹಿಂದಕ್ಕೆ ಕೈ ಹಾಕಿ ಒಂದನ್ನು ಹಿಡಿದ. ಬಡಿದಾಡಿತು, ಉಗುರಿನಲ್ಲಿ ಮುಂಗೈ ಗೀರಿತು. ಎದೆಗೆ ಒತ್ತಿಕೊಂಡ ಮೇಲೆ ಸುಮ್ಮನಾಯಿತು. ಅದರ ಎದೆ ಅವನ ಎದೆಯ ಮೇಲೆ ಹೊಡೆದುಕೊಳ್ಳುತ್ತಿತ್ತು. ಬಿಡಲಿಲ್ಲ. ಇಷ್ಟೇನೇ ಇದು, ಎಂದುಕೊಂಡ. ಇದಕ್ಕೇ ಅಷ್ಟು ಹೆದರಿದೆನೇ. ಒಂದೊಂದನ್ನೇ ಹೀಗೆ ಹೊತ್ತು ಒಳಗಿಟ್ಟು, ಬುಟ್ಟಿಯಲ್ಲಿ ಹುಲ್ಲಿನಲ್ಲಿ ಕೈಯಾಡಿಸಿ ನೋಡಿ ಅಗುಳಿ ಹಾಕುವಾಗ ಅವನಿಗೆ ಅಳು ಬಂದುಬಿಟ್ಟಿತು. ತೋಳಿನಲ್ಲಿ ಮುಖ ಒರೆಸಿಕೊಂಡ. ಕಿಟಕಿಯಿಂದ ಎಂದಿನ ಪ್ರಶ್ನೆ ಬರಲೆಂದು ಕಾದ. ಒಮ್ಮೆಯಾದರೂ ಅದಕ್ಕೆ ನಿಜವಾದ ಉತ್ತರ ಅವನ ಬಳಿ ಇತ್ತು. ಪ್ರಶ್ನೆ ಬರಲಿಲ್ಲ.

ಒಳಗೆ ಹೋದಾಗ ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ದೀಪ ಹಾಕಲು ಹೋದವನನ್ನು ಬೇಡವೆಂದಳು.

"ಯಾರ ಮನೇವು ಅವು?"

ಅವನು ಮಂಚದ ಅಂಚಿನಲ್ಲಿ ಕೂತ. "ಪೇಟೆಯಿಂದ ತಂದೆ" ಎಂದ.

"ನಮ್ಮವು?"

"ಹೋದವು."

"ಎಲ್ಲಾನೂ?"

"ಹೂಂ. ಬೆಕ್ಕು ಒಳಗಿತ್ತು. ನಾನು ನೋಡ್ದೇನೇ ಬಾಗಿಲು ಹಾಕಿಬಿಟ್ಟೆ."

ಅವಳು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಚ್ಚಿದಳು. "ನಿನ್ನೆ ಮುಟ್ಟಿರಲಿಲ್ಲ."

"ಇಲ್ಲ."

"ಮೊನ್ನೆ?"

ಅವನು ತಲೆಯಾಡಿಸಿದ. ಕತ್ತಲಲ್ಲಿ ಕಾಣಿಸಿತೋ ಇಲ್ಲವೋ. "ಮೊದಲ ದಿನ ಒಂದನ್ನ ಮುಟ್ಟಿದ್ದೆ, ಆಮೇಲೆ ಯಾವತ್ತೂ ಮುಟ್ಟಿಲ್ಲ" ಎಂದು ಬಾಯಿಬಿಟ್ಟು ಹೇಳಿದ. ಹೇಳಿದಾಗ ಅವನಿಗೆ ಹಗುರವೇನೂ ಆಗಲಿಲ್ಲ. ಅವಳು ಅಳುತ್ತಾಳೆ, ಕೋಳಿಗಳ ಹೆಸರು ಹಿಡಿದು ಅಳುತ್ತಾಳೆ, ತಾನು ಸಮಾಧಾನ ಮಾಡಬಹುದು ಎಂದು ಎಲ್ಲೋ ಆಸೆಪಟ್ಟಿದ್ದ. ಅವಳು ಅಳಲಿಲ್ಲ. ಕಿಟಕಿಯ ಕಡೆ ನೋಡುತ್ತಾ, ಬೇರೆ ಯಾರದೋ ವಿಷಯ ಕೇಳುವಷ್ಟು ಮೆಲ್ಲಗೆ, "ಡಾಕ್ಟರು ಏನಂದಿದ್ರು?" ಎಂದಳು.

ಇದು ಬರುತ್ತದೆಂದು ಬೆಳಗಿನಿಂದ ಅವನಿಗೆ ಗೊತ್ತಿತ್ತು. ಬಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಲಿದು ಇಟ್ಟುಕೊಂಡಿದ್ದ. ಈಗ ಆ ಮಾತು ನಾಲಿಗೆಯ ಮೇಲೆ ಬರಲಿಲ್ಲ. ಮುಂಗೈ ಗೀರು ಉರಿಯುತ್ತಿತ್ತು. "ಬರೋದಿಲ್ಲ ಅಂದಿದ್ರು" ಎಂದ. "ಕೀಲು ಹಿಡ್ಕೋಬಾರದು ಅಂತ ಎತ್ತಿ ಇಳಿಸೋಕೆ ಹೇಳಿದ್ರು. ಅಷ್ಟೇ ಹೇಳಿದ್ದು."

ಹೊರಗೆ ಗೂಡಿನಲ್ಲಿ ಹೊಸ ಕೋಳಿಯೊಂದು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಅವಳು ಕಿವಿಗೊಡಲಿಲ್ಲ.

"ಹಾಗಾದ್ರೆ ದಿನಾ ಬೆಳಗ್ಗೆ ನಾನು ಮನಸ್ಸಿನಲ್ಲಿ ಎತ್ತುತ್ತಿದ್ದೆನಲ್ಲ" ಎಂದಳು. "ಆಗ ನೀವು ಏನು ಅಂದ್ಕೋತಿದ್ರಿ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅವಳ ಹಲ್ಲು ಕಚ್ಚಿದ ಮುಖ, ಬೆವರು, ತನ್ನ ಕೈಯಲ್ಲಿದ್ದ ಭಾರ, ಗೋಡೆಯ ಗಡಿಯಾರ. ನಿನಗೋಸ್ಕರ ಮರುಗುತ್ತಿದ್ದೆ ಎನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಆದರೆ ಇವತ್ತು ಅಳತೆಗೆ ಹೆಚ್ಚುವರಿ ಬಿಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಅಂಗಡಿಗೆ ಹೊತ್ತಾಗುತ್ತೆ ಅಂತ" ಎಂದ.

ಅವಳು "ಸರಿ" ಎಂದಳು. ಉಸಿರು ಬಿಟ್ಟ ಸದ್ದು ಕೇಳಲಿಲ್ಲ. ಅವನು ನೆಲದ ಮೇಲೆ ಹಾಸಿಕೊಂಡು ಮಲಗಿ ಯಾವಾಗಲೋ ನಿದ್ದೆಹೋದ.

ಬೆಳಗ್ಗೆ ಗೂಡಿನ ಬಾಗಿಲು ತೆಗೆದ. ಹೊಸ ಕೋಳಿಗಳು ಹೊಸ್ತಿಲಲ್ಲಿ ಅನುಮಾನಿಸಿ ನಿಂತು, ಒಂದರ ಹಿಂದೊಂದು ಇಳಿದವು. ಕೈ ತೊಳೆದು, ಒರೆಸಿಕೊಂಡು, ಎಂದಿನ ಹೊತ್ತಿಗೆ ಅವಳ ಕಾಲಿನ ಬಳಿ ಬಂದು ಕೂತ. ಕೀಲು ಹಿಡಿದುಕೊಳ್ಳಬಾರದು, ಇದನ್ನಾದರೂ ಮಾಡಲೇಬೇಕು, ಇವತ್ತು ಗಡಿಯಾರ ನೋಡಬಾರದು ಎಂದುಕೊಂಡಿದ್ದ. ಅವಳು ಮೊದಲೇ ಎಚ್ಚರವಾಗಿದ್ದಳು. ತಲೆ ಬಾಚಿಕೊಂಡಿದ್ದಳು. ಹೊದಿಕೆಯನ್ನು ಕೈಗೆಟುಕುವಷ್ಟು ಕೆಳಗೆ ಎಳೆದು, ಎರಡೂ ಕಡೆ ತೊಡೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಅವನು ಕೈ ಚಾಚಿದಾಗ ತಡೆಯಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವನ ಅಂಗಿಯ ಗುಂಡಿ ಒಂದು ತಪ್ಪು ಕಾಜಿಗೆ ಹೋಗಿತ್ತು, ಅದನ್ನು ಬಿಚ್ಚಿ ಸರಿಯಾಗಿ ಹಾಕಿದಳು.

"ಬೇಡ, ಹೊರಡಿ" ಎಂದಳು. "ಅಂಗಡಿಗೆ ಹೊತ್ತಾಗುತ್ತೆ ನಿಮಗೆ."